ಪ್ಯಾರಿಸ್ ಭತ್ಯೆ

ವಿದೇಶ ಭತ್ಯೆ ತಿಂಗಳಿಗೆ ಹನ್ನೆರಡು ಸಾವಿರದಂತೆ ಮೂರು ತಿಂಗಳಿಗೆ ಒಟ್ಟು ಮೂವತ್ತಾರು ಸಾವಿರ ರೂಪಾಯಿ. ತ್ಯಾಗರಾಜನಗರದ ನಚಿಕೇತನನ್ನು ಟೀವಿ ವಾಹಿನಿಯೊಂದು ತನ್ನ ಪ್ಯಾರಿಸ್ ವರದಿಗಾರನನ್ನಾಗಿ ನೇಮಿಸಿದ ಆದೇಶದಲ್ಲಿ ಹೀಗೆಂದು ನಮೂದಾಗಿತ್ತು. ವಿಮಾನದ ಟಿಕೆಟ್ಟಿನ ವಿಷಯದಲ್ಲಿ ಆದೇಶ ಮೌನವಾಗಿತ್ತು. ಏಳನೇ ನಿಯಮ ಮಾತ್ರ ಸ್ಪಷ್ಟವಾಗಿತ್ತು: 'ಸದರಿ ಅವಧಿಯಲ್ಲಿ ವರದಿಗಾರರು ಬೆಂಗಳೂರಿನಲ್ಲಿ ಕಂಡುಬಂದರೆಂದು ದೂರು ಬಂದಲ್ಲಿ ಭತ್ಯೆಯನ್ನು ಪೂರ್ತಿ ವಸೂಲು ಮಾಡತಕ್ಕದ್ದು. ಅವಧಿ ಮುಗಿದ ಮೇಲೂ ಮೂವತ್ತು ದಿನ ದೂರು ಸ್ವೀಕರಿಸಲಾಗುವುದು.'

ನಚಿಕೇತ ಲೆಕ್ಕ ಹಾಕಿದ. ಅಮ್ಮ ಸೀತಾಲಕ್ಷ್ಮಿಗೆ ಹಲ್ಲಿನ ಸೆಟ್ ಕಟ್ಟಲು ಯಡಿಯೂರಿನ ಡಾಕ್ಟರು ಕೇಳಿದ್ದು ಮೂವತ್ತೈದು ಸಾವಿರ. ಆರು ತಿಂಗಳಿಂದ ಆಕೆ ಅನ್ನವನ್ನು ಹಾಲಲ್ಲಿ ಕಿವುಚಿ ನುಂಗುತ್ತಿದ್ದಳು. ಹಲ್ಲೂ ಬಂದು ಮೇಲೆ ಸಾವಿರ ಉಳಿಯುವ ವ್ಯಾಪಾರ. ಒಪ್ಪಿಕೊಂಡ.

ಹಿನ್ನೆಲೆಗೆ ಪ್ಯಾರಿಸ್ಸಿನ ಚಿತ್ರ ಸೇರಿಸಲೆಂದು ತಾರಸಿಯ ನೀರಿನ ಟ್ಯಾಂಕಿಗೆ ಹಸಿರು ಪರದೆ ಕಟ್ಟಿ, ಮಾರ್ಚಿನ ಬಿಸಿಲಲ್ಲಿ ಉಣ್ಣೆ ಕೋಟು ತೊಟ್ಟು, 'ಇಲ್ಲಿ ಚಳಿ ತಡೆಯಲಾಗುತ್ತಿಲ್ಲ' ಎಂದು ಬೆವರುತ್ತಾ ವರದಿ ಮಾಡಿದ. ಪಕ್ಕದ ಮನೆ ಕುಕ್ಕರ್ ಕೂಗಿದ್ದನ್ನು ಸ್ಟುಡಿಯೋದವರು ರೈಲೆಂದು ವೀಕ್ಷಕರಿಗೆ ತಿಳಿಸಿದರು.

ಎರಡನೇ ದಿನ ಸೊಪ್ಪು ತರಲು ಇಳಿದಾಗ ಎದುರುಮನೆ ಗೌರಮ್ಮ ಸಿಕ್ಕರು.

"ಪ್ಯಾರಿಸ್ಸಲ್ಲಿ ದಂಟು ಕಟ್ಟು ಎಷ್ಟಪ್ಪಾ?"

"ಆಂಟಿ, ದಯವಿಟ್ಟು ಯಾರಿಗೂ ಹೇಳ್ಬೇಡಿ."

"ನಾನ್ಯಾಕಪ್ಪಾ ಹೇಳ್ಲಿ. ಬರೋವಾಗ ನಂಗೊಂದು ಸೆಂಟು ತಂದ್ಬಿಡು. ದೊಡ್ಡ ಬಾಟ್ಲಿ."

ವಾರದೊಳಗೆ ನಿವೃತ್ತ ಗುಮಾಸ್ತ ಕಿಟ್ಟಿ ಅಂಕಲ್ ಮನೆ ನಂಬರಿನ ಪ್ರಕಾರ ಪಟ್ಟಿ ಟೈಪು ಮಾಡಿ ತಂದರು.

"ಹದಿನೇಳು ಮನೆ. ಚಾಕೊಲೇಟ್ ಎಲ್ರಿಗೂ ಕಾಮನ್. ನಂಗೆ ಬಿ.ಪಿ. ಮೆಷಿನ್ನು. ಇಲ್ಲೀದು ಸರಿಯಾಗಿ ತೋರ್ಸಲ್ಲ."

"ಅಂಕಲ್, ನಾನು ಹೋಗೇ ಇಲ್ವಲ್ಲ."

"ಅದು ನಮಗ್ಗೊತ್ತು. ವಾಹಿನಿಯವರಿಗೆ ಗೊತ್ತಾಗೋದು ಬೇಡ ಅಂತ ಅಷ್ಟೆ."

ವಾಹಿನಿಯವರಿಗೂ ಗೊತ್ತಿತ್ತು. ದೂರು ಬಂದರೆ ಮಾತ್ರ ಅಧಿಕೃತವಾಗಿ ಗೊತ್ತಾಗಬೇಕಾಗುತ್ತಿತ್ತು.

ಅವಧಿ ಮುಗಿಯಿತು, ಭತ್ಯೆ ಬಂತು. ದೂರಿನ ಮೂವತ್ತು ದಿನ ಇನ್ನೂ ಬಾಕಿ ಇತ್ತು. ಜಯನಗರ ನಾಲ್ಕನೇ ಬ್ಲಾಕಿನಲ್ಲಿ ಫಾರಿನ್ ಸಾಮಾನು ಮಾರುವ ರಘು, ಪಟ್ಟಿಯಲ್ಲಿದ್ದುದನ್ನೆಲ್ಲ ಎರಡು ಸೂಟ್‌ಕೇಸಿಗೆ ತುಂಬಿದ.

"ಏರ್‌ಪೋರ್ಟ್ ಚೀಟಿ ಅಂಟಿಸ್ಲಾ ಗುರು? ಅದಕ್ಕೆ ಬೇರೆ ಚಾರ್ಜು."

ಅಂಟಿಸಿಕೊಂಡ.

ಹದಿನೇಳು ಮನೆಗೂ ವಿತರಣೆಯಾಯಿತು. ಗೌರಮ್ಮ ಸೆಂಟು ಮೂಸಿ, "ಇಳಿದುಹೋಗಿದ್ದೀಯಲ್ಲೋ, ಅಲ್ಲಿ ಊಟ ಸೇರ್ಲಿಲ್ವಾ?" ಎಂದರು.

"ಸೇರ್ಲಿಲ್ಲ ಆಂಟಿ" ಎಂದ ನಚಿಕೇತ. ದನಿಯಲ್ಲಿದ್ದ ನಿಜವಾದ ಬೇಸರ ಕೇಳಿ ಅವನಿಗೇ ಆಶ್ಚರ್ಯವಾಯಿತು.

ಬಂದದ್ದು ಮೂವತ್ತಾರು ಸಾವಿರ. ಹೋದದ್ದು, ಚೀಟಿಯ ಚಾರ್ಜೂ ಸೇರಿ, ಮೂವತ್ತೈದು ಸಾವಿರದ ಆರುನೂರ ನಲವತ್ತು. ಉಳಿದದ್ದು ಮುನ್ನೂರ ಅರವತ್ತು ರೂಪಾಯಿ, ಒಂದು ಚಾಕೊಲೇಟು. ಅದನ್ನು ಅಮ್ಮನ ಕೈಗಿಟ್ಟ. ಆಕೆ ಬಾಯಲ್ಲಿಟ್ಟುಕೊಂಡು, ಪೂರ್ತಿ ಕರಗುವ ತನಕ ಕಣ್ಣು ಮುಚ್ಚಿ ಚೀಪಿದಳು.

"ಏನೇ ಹೇಳು, ಪ್ಯಾರಿಸ್ಸಿನ ರುಚೀನೇ ಬೇರೆ ಕಣೋ" ಎಂದಳು.