ರಿವಾಲ್ವರಿಗೆ ಹಚ್ಚಿದ ಕುಂಕುಮ

ನನ್ನಂಥವನಿಗೆ ಅಪರೂಪಕ್ಕೆ ಗೆಲುವು ಬಂದರೆ ಅದನ್ನು ಎಲ್ಲಿಡಬೇಕೆಂದು ತಿಳಿಯುವುದಿಲ್ಲ. ಸೋಲಾದರೆ ಅಭ್ಯಾಸವಿದೆ, ಕೋಟಿನ ಜೊತೆ ಗೂಟಕ್ಕೆ ನೇತುಹಾಕಿ ಊಟಕ್ಕೆ ಕೂತುಬಿಡುತ್ತೇನೆ. ಲಂಡನ್ನಿನ ಹ್ಯಾರೋದ ನಮ್ಮ ಕನ್ನಡದವರ ಕೂಟಗಳಲ್ಲಿ ಎಲ್ಲರೂ ಡಾಕ್ಟರು, ನಾನೊಬ್ಬ ಡಾಕ್ಟರ ಗಂಡ. ಹೊಸಬರು ಯಾರಾದರೂ "ತಾವು ಯಾವ ಆಸ್ಪತ್ರೆ?" ಎಂದು ಕೇಳುತ್ತಾರೆ. ಪಾರ್ಕ್ ರಾಯಲ್‌ನ ಒಂದು ಹರಾಜು ಕಂಪನಿಯ ಗೋದಾಮಿನಲ್ಲಿ ಹಳೆಯ ಸಾಮಾನುಗಳ ವಿವರ ಬರೆಯುತ್ತೇನೆ ಎಂದು ನಾನು ಹೇಳಿ ಮುಗಿಸುವಷ್ಟರಲ್ಲಿ ಅವರು ವಡೆಯ ಕಡೆಗೆ ನಡೆದಿರುತ್ತಾರೆ.

ನನ್ನ ಹೆಂಡತಿ ಸುಮಾ ಧಾರವಾಡದವಳು, ಚರ್ಮದ ಡಾಕ್ಟರು. ನಾನು ಮೈಸೂರಿನವನು, ಹಣೆಗೆ ಕುಂಕುಮ ಇಡದೆ ಹೊಸ್ತಿಲು ದಾಟುವವನಲ್ಲ. ಎಂಟು ವರ್ಷದಿಂದ ನನ್ನ ಹಣೆಯ ನಡುವೆ ಒಂದು ತುರಿಕೆ ಇದೆ. ಅಷ್ಟೇ ವರ್ಷದಿಂದ ನಮ್ಮಿಬ್ಬರಿಗೂ ಒಂದು ಜಗಳವಿದೆ. "ಅದು ಕುಂಕುಮ ಅಲ್ರೀ, ಬರೇ ಬಣ್ಣ ಅದ. ಹಚ್ಕೋಬ್ಯಾಡ್ರಿ ಅಂದ್ರ ಕೇಳಂಗಿಲ್ಲ ನೀವು" ಎಂದು ಅವಳು. "ವೆಂಬ್ಲಿ ಅಂಗಡಿಯವನು ಅಪ್ಪಟ ಅರಿಶಿನದ್ದು ಅಂತ ಆಣೆ ಮಾಡಿದಾನೆ ಕಣೇ" ಎಂದು ನಾನು. ಡಾಕ್ಟರ ಮಾತಿಗಿಂತ ಅಂಗಡಿಯವನ ಮಾತನ್ನು ನಂಬುವ ಗಂಡ ಲಂಡನ್ನಿನಲ್ಲಿ ನಾನೊಬ್ಬನೇ ಇರಬೇಕು.

ಈ ಕುಂಕುಮದಿಂದಲೇ ಹೋದ ವರ್ಷ ನನ್ನ ಕೆಲಸಕ್ಕೂ ಸಂಚಕಾರ ಬಂದಿತ್ತು. ಆಯುಧಪೂಜೆಯ ದಿನ ನಾನು ಗೋದಾಮಿಗೆ ಬೇಗ ಹೋಗಿ, ಅನ್ನ ಕೊಡುವ ವಸ್ತುಗಳೆಂಬ ಭಕ್ತಿಯಿಂದ ಪ್ರಿಂಟರ್, ಟೇಪ್ ಕತ್ತರಿಸುವ ಯಂತ್ರ, ಬಾರ್‌ಕೋಡ್ ಓದುವ ಸ್ಕ್ಯಾನರ್, ಎಲ್ಲಕ್ಕೂ ಬೊಟ್ಟಿಟ್ಟೆ. ಸ್ಕ್ಯಾನರಿನ ಕಣ್ಣಿಗೇ ಇಟ್ಟಿದ್ದೆ ಎಂದು ಗೊತ್ತಾಗಿದ್ದು ಅದು ಇಡೀ ದಿನ ಕುರುಡಾಗಿ ಕೂತ ಮೇಲೆ. ನಮ್ಮ ಮ್ಯಾನೇಜರ್ ಲಿಂಡಾ ಪತ್ರ ಕೊಟ್ಟಳು: ಇನ್ನೊಮ್ಮೆ ಯಾವುದೇ ವಸ್ತುವಿಗೆ ಯಾವುದೇ ಪುಡಿ ಹಚ್ಚಿದರೆ ಬರೆಯುವ ಕೆಲಸ ಹೋಗಿ ರಟ್ಟಿನ ಡಬ್ಬ ಕಟ್ಟುವ ಕೆಲಸ. ನನಗೆ ಆ ಬರೆಯುವ ಕೆಲಸವೆಂದರೆ ಪ್ರಾಣ. ಜಗತ್ತಿನಲ್ಲಿ ಯಾರಾದರೂ ನನ್ನ ಮಾತನ್ನು ಓದುತ್ತಾರೆ ಎಂದರೆ ಅದು ಸಾಮಾನಿಗೆ ಅಂಟಿಸುವ ಆ ವಿವರದ ಚೀಟಿಗಳಲ್ಲಿ ಮಾತ್ರ.

ಹೀಗಿರುವಾಗ ಈ ವಸಂತದಲ್ಲಿ ಯಾರದೋ ಅಜ್ಜನ ಪೆಟ್ಟಿಗೆಯಿಂದ ಒಂದು ಹಳೆಯ ಪೊಲೀಸ್ ರಿವಾಲ್ವರ್ ಬಂತು. ಅದಕ್ಕೆ ಬೇಕಾದ ಗುಂಡು ಈಗ ಯಾರೂ ಮಾಡುವುದಿಲ್ಲವಾದ್ದರಿಂದ ಕಾನೂನಿನ ಲೆಕ್ಕದಲ್ಲಿ ಅದು ಬರೀ ಪುರಾತನ ವಸ್ತು. ಕಪಾಟಿನಲ್ಲಿ ಭದ್ರವಾಗಿಟ್ಟು, ಅದರ ಕುಲಗೋತ್ರ ಹೇಳಲು ಜೆಫ್ರಿ ಎಂಬ ಪರಿಣತನನ್ನು ಕರೆಸಿದರು. ಜೆಫ್ರಿ ಕಣ್ಣಿಗೆ ಭೂತಗನ್ನಡಿ ಏರಿಸಿ, ನಮ್ಮೂರಲ್ಲಿ ಹೆಣ್ಣು ನೋಡಲು ಬಂದ ಸೋದರತ್ತೆಯ ಹಾಗೆ ಅದನ್ನು ತಿರುಗಿಸಿ ತಿರುಗಿಸಿ ನೋಡಿದ. ಹುಟ್ಟಿದ್ದು ಬರ್ಮಿಂಗ್‌ಹ್ಯಾಮ್, ನಳಿಗೆ ಗಿಡ್ಡ, ಸೊಂಟಕ್ಕೆ ಹಗುರ, ಹಿಡಿಯ ತಳದಲ್ಲಿರುವ ಉಂಗುರ ಪೊಲೀಸಿನವನು ಓಡುವಾಗ ಬೀಳದಂತೆ ಹಗ್ಗ ಕಟ್ಟಲು. "ಆದರೆ ಯಾವ ದೇಶದ ಪೊಲೀಸು ಅಂತ ಹೇಳಲಾರೆ. ಉಂಗುರದ ಬುಡದಲ್ಲಿ ಮೂರು ಬಳ್ಳಿಚಿತ್ರ, ಅದರೊಳಗೆ ಏನೋ ಕೆಂಪು. ಹಳೆಯ ಅರಗು ಇರಬಹುದು" ಎಂದ.

ಕೆಂಪು ಎಂದ ಕೂಡಲೇ ಲಿಂಡಾ ರಿವಾಲ್ವರನ್ನು ನೋಡಲಿಲ್ಲ, ನನ್ನ ಹಣೆಯನ್ನು ನೋಡಿದಳು. "ಮತ್ತೆ ಮಾಡಿದೆಯಾ?"

ಬಗ್ಗಿ ನೋಡಿದೆ. ಕುಂಕುಮವೇ! ಮೈಸೂರಿನ ಕಡೆಯ ಯಾವುದೋ ಠಾಣೆಯಲ್ಲಿ ವರ್ಷ ವರ್ಷವೂ ಆಯುಧಪೂಜೆ ಮಾಡಿಸಿಕೊಂಡ ಪಿಸ್ತೂಲು ಇದು ಎಂದು ಕೂಗಿದೆ. ಅಜ್ಜಿ ಮನೆಯಲ್ಲೇ ಅರಿಶಿನಕ್ಕೆ ಸುಣ್ಣ ಬೆರೆಸಿ ಕುಂಕುಮ ಮಾಡುತ್ತಿದ್ದಳು. ಅದರ ಮೇಲೆ ನಿಂಬೆರಸ ಬಿದ್ದರೆ ಮತ್ತೆ ಹಳದಿಯಾಗುತ್ತಿತ್ತು. ಅದನ್ನೇ ಪರೀಕ್ಷಿಸಿ ತೋರಿಸುತ್ತೇನೆ ಎಂದೆ. ಲಿಂಡಾ ತಣ್ಣಗೆ ಕೇಳಿದಳು: "ನಿನ್ನ ಪುಡಿಯೂ ಅರಿಶಿನದ್ದೇ ಎಂದು ನೀನೇ ಹೇಳಿದ್ದೆಯಲ್ಲ? ಎರಡೂ ಹಳದಿಯಾದರೆ?"

ಎರಡೂ ಹಳದಿಯಾದರೆ ಹಚ್ಚಿದವನು ನಾನೇ ಎಂದಾಗಿ ನಾನು ಡಬ್ಬ ಕಟ್ಟಬೇಕು. ಜೆಫ್ರಿ ಹಲ್ಲುಕಡ್ಡಿಯಿಂದ ಪಿಸ್ತೂಲಿನ ಕೆಂಪನ್ನು ಒಂದಿಷ್ಟು ಕೆರೆದು ಕಾಗದದ ತಟ್ಟೆಗೆ ಹಾಕಿದ. ಪಕ್ಕದಲ್ಲಿ ನನ್ನ ಬ್ಯಾಗಿನ ಭರಣಿಯಿಂದ ಒಂದು ಚಿಟಿಕೆ. ನಿಂಬೆಹಣ್ಣು ಎಲ್ಲಿ ಬರಬೇಕು, ಕ್ಯಾಂಟೀನಿನಿಂದ ಚಿಪ್ಸ್‌ಗೆ ಹಾಕುವ ವಿನೆಗರ್ ಪೊಟ್ಟಣ ತಂದರು. ನಾನು ಕಣ್ಣು ಮುಚ್ಚಿದೆ. ಎಂಟು ವರ್ಷ ಹೆಂಡತಿಯೊಡನೆ ಯಾವುದನ್ನು ಅಪ್ಪಟ ಎಂದು ವಾದಿಸಿದ್ದೆನೋ ಅದು ಶುದ್ಧ ಕಲಬೆರಕೆಯಾಗಿರಲಿ ತಾಯೀ ಎಂದು ಚಾಮುಂಡಿಗೆ ಹರಕೆ ಹೊತ್ತೆ.

ತಾಯಿ ಕೈಬಿಡಲಿಲ್ಲ. ಪಿಸ್ತೂಲಿನ ಕೆಂಪು ನೋಡನೋಡುತ್ತಿದ್ದಂತೆ ಹಳದಿಯಾಯಿತು. ನನ್ನದು ಮಾತ್ರ ಕೆಂಪಗೆ, ಹೋಳಿಯ ಓಕುಳಿಯಂತೆ ತಟ್ಟೆಯ ಅಂಚಿನವರೆಗೂ ಹರಿಯಿತು. ಉಳಿದ ಕುಂಕುಮವನ್ನು ಜೆಫ್ರಿ ಮೆತ್ತಗೆ ತೆಗೆದ ಮೇಲೆ ಅವನ ಮೂರು ಬಳ್ಳಿಗಳು ಸ್ಪಷ್ಟವಾದವು: ೩೬೨. ನಾನು ಒಂದನೇ ಕ್ಲಾಸಿನ ಹುಡುಗನಂತೆ ಗಟ್ಟಿಯಾಗಿ ಓದಿದೆ. ಕನ್ನಡದ ಅಂಕಿಗಳು, ಪೊಲೀಸಿನವರ ದಾಖಲೆಯ ನಂಬರು! ಜೆಫ್ರಿ ಭೂತಗನ್ನಡಿ ತೆಗೆದು ನನ್ನ ಕೈ ಕುಲುಕಿದ. "ನಲವತ್ತು ವರ್ಷದಲ್ಲಿ ಇಂಥದ್ದು ನೋಡಿಲ್ಲ ಸರ್" ಎಂದ. ಸರ್! ಹರಾಜಿನ ಪುಸ್ತಕದಲ್ಲಿ ಆ ರಿವಾಲ್ವರಿನ ವಿವರ ಬರೆದವನು ನಾನು, ಕೆಳಗೆ ನನ್ನ ಹೆಸರು. ಲಿಂಡಾ ತಾನು ಕೊಟ್ಟ ಪತ್ರವನ್ನು ನನ್ನೆದುರೇ ಹರಿದುಹಾಕಿದಳು.

ಇಷ್ಟಕ್ಕೇ ಸುಮ್ಮನಿದ್ದಿದ್ದರೆ ಚೆನ್ನಾಗಿತ್ತು. ಆದರೆ ಇಂಥ ಗೆಲುವನ್ನು ಹೊಟ್ಟೆಯಲ್ಲಿಟ್ಟುಕೊಳ್ಳುವ ತಾಕತ್ತು ನನಗಿಲ್ಲ. ಊಟದ ಮೇಜಿನಲ್ಲಿ ಸುಮಾಳಿಗೆ ಅಭಿನಯಸಹಿತ ಎಲ್ಲ ಹೇಳಿದೆ. ಅವಳು ರೊಟ್ಟಿ ಮುರಿಯುವುದನ್ನು ನಿಲ್ಲಿಸಿ ಪೂರ್ತಿ ಕೇಳಿದಳು. "ಭಾಳ ಛಲೋ ಆತು ನೋಡ್ರಿ" ಎಂದಳು. ಆಮೇಲೆ ಮೆಲ್ಲಗೆ, "ಅಂದಂಗ, ನಿಮ್ಮ ಪುಡಿ ಕೆಂಪಗೇ ಉಳೀತು ಅಂದ್ರಿ?"

ನಾನು ನನ್ನ ರೊಟ್ಟಿ ಮುರಿಯತೊಡಗಿದೆ. ಅವಳು ಎದ್ದು ಹೋಗಿ ಒಂದು ಮುಲಾಮಿನ ಟ್ಯೂಬ್ ತಂದು ನನ್ನ ತಟ್ಟೆಯ ಪಕ್ಕದಲ್ಲಿಟ್ಟಳು. ಮರುದಿನ ಹಣೆಯ ನಡುವೆ ಬೆಳ್ಳಗೆ ಮುಲಾಮು ಹಚ್ಚಿಕೊಂಡೇ ಗೋದಾಮಿಗೆ ಹೋದೆ. ಲಿಂಡಾ ನನ್ನ ಹಣೆಯನ್ನು ಹೊಸ ಗೌರವದಿಂದ ನೋಡಿ ಕೇಳಿದಳು: "ಇವತ್ತು ಯಾವ ಹಬ್ಬ?"