ಕಿಟಕಿಯಿಲ್ಲದ ಶೆಡ್ಡು

ನಮ್ಮ ಮನೆಯಲ್ಲಿ ಸಂಡಿಗೆಗೆ ಜಾಗವಿದೆ, ನನಗಿಲ್ಲ. ಇದನ್ನು ಸಿಟ್ಟಿನಿಂದ ಹೇಳುತ್ತಿಲ್ಲ (ಸ್ವಲ್ಪ ಸಿಟ್ಟೂ ಇದೆ ಎನ್ನಿ). ಶಿವರಾತ್ರಿ ಮುಗಿದು ವಿಜಯಪುರದ ಬಿಸಿಲು ಬಲಿಯುತ್ತಿದ್ದಂತೆ ನನ್ನ ಹೆಂಡತಿ ವತ್ಸಲೆಯ ಸಾಮ್ರಾಜ್ಯ ಮಾಳಿಗೆಯ ಮೇಲೆ ಹರಡಿಕೊಳ್ಳುತ್ತದೆ. ಅರಳ ಸಂಡಿಗೆ, ಹಪ್ಪಳ, ಶಾವಿಗೆ, ಬಾಳಕದ ಮೆಣಸಿನಕಾಯಿ. ಮಾಳಿಗೆ ಸಾಲದಿದ್ದರೆ ಅಂಗಳ, ಅಂಗಳ ಸಾಲದಿದ್ದರೆ ನನ್ನ ಮಂಚ. ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸಿ ನಿವೃತ್ತನಾದ ಈ ಪ್ರಲ್ಹಾದ, ಕೋಲು ಹಿಡಿದು ಕಾಗೆ ಓಡಿಸುವ ಹುದ್ದೆಗೆ ಮರುನೇಮಕಗೊಂಡಿದ್ದಾನೆ.

ನನಗೂ ಒಂದು ಆಸೆಯಿತ್ತು. ತಂದೆಯವರ ಹಳೇ ಸ್ಕೂಟರನ್ನು ಬಿಚ್ಚಿ, ರಿಪೇರಿ ಮಾಡಿ, ಅದರ ಮೇಲೆ ಗೋಳಗುಮ್ಮಟದವರೆಗೆ ಹೋಗಿಬರಬೇಕು. ಬಿಚ್ಚುವ ಕೆಲಸ ಯಶಸ್ವಿಯಾಗಿ ಮುಗಿದಿತ್ತು. ಜೋಡಿಸಲು ಜಾಗವಿರಲಿಲ್ಲ. ಎಂಜಿನ್ನು ಮೆಟ್ಟಿಲ ಕೆಳಗೆ, ಗಾಲಿಗಳು ಬಚ್ಚಲಿನ ಹಿಂದೆ, ಪಾನಾ ಇಕ್ಕಳಗಳು ಹಿಟ್ಟಿನ ಡಬ್ಬಿಯ ಮಗ್ಗುಲಲ್ಲಿ.

"ಯುಗಾದಿಯೊಳಗ ಇದನ್ನೆಲ್ಲಾ ಒಂದ ಕಡೆ ಇಡ್ತೀರೋ, ಗುಜರಿಯವಗ ಕರದು ಕೊಡ್ಲೋ?" ಎಂದಳು ವತ್ಸಲಾ.

ಆಗಲೇ ನನಗೆ ಆ ದಿವ್ಯ ಆಲೋಚನೆ ಹೊಳೆದದ್ದು. ಹಿತ್ತಿಲಲ್ಲಿ ಒಂದು ರೆಡಿಮೇಡ್ ಉಕ್ಕಿನ ಶೆಡ್ಡು. ಅದು ನನ್ನ ವರ್ಕ್‌ಶಾಪು. ಒಳಗೆ ನಾನು, ನನ್ನ ಸ್ಕೂಟರು, ಅಷ್ಟೇ.

ಗೋಳಗುಮ್ಮಟದ ಹತ್ತಿರ ಇಂಥ ಶೆಡ್ಡು ಮಾಡಿಕೊಡುವ ಸೈಫುದ್ದೀನ ಇದ್ದಾನೆ. "ಕಂಬ, ತಗಡು ಎಲ್ಲಾ ನಮ್ಮಲ್ಲೇ ತಯಾರಾಗಿ ಬರ್ತಾವ್ರಿ ಸರ. ನಿಮ್ಮ ಹಿತ್ತಲದಾಗ ಬರೇ ಬೋಲ್ಟ್ ಬಿಗಿಯೂದು. ಟಿಕೋಟಾದಾಗ ಒಣದ್ರಾಕ್ಷಿ ತೋಟಕ್ಕ ಒಂದು ಮಾಡೀನಿ, ನೋಡೇ ಬಿಡ್ರಿ," ಎಂದ.

ಒಣದ್ರಾಕ್ಷಿ ಎಂದ ಕೂಡಲೇ ವತ್ಸಲೆಯೂ ಚೀಲ ಹಿಡಿದು ಕಾರು ಹತ್ತಿದಳು. ಟಿಕೋಟಾದ ಆ ಶೆಡ್ಡಿನಲ್ಲಿ ಕಂಬದಿಂದ ಕಂಬಕ್ಕೆ ಅಂತಸ್ತು ಅಂತಸ್ತಾಗಿ ಬಲೆ ಕಟ್ಟಿ ದ್ರಾಕ್ಷಿ ಹರಡಿದ್ದರು. ನಾನು ಟೇಪು ಬಿಚ್ಚಿ ಕಂಬದ ಸುತ್ತಳತೆ ತೆಗೆದೆ, ಬೋಲ್ಟು ಎಣಿಸಿದೆ, ಗಂಭೀರವಾಗಿ ತಲೆಯಾಡಿಸಿದೆ. ವತ್ಸಲಾ ತೋಟದ ಹೆಣ್ಣುಮಗಳೊಂದಿಗೆ ಹರಟುತ್ತ ನಿಂತಳು.

"ಬಿಸಲಿಗ್ಯಾಕ ಹಾಕಂಗಿಲ್ರಿ?"

"ಬಣ್ಣ ಕೆಡ್ತಾವ್ರಿ ಅಕ್ಕಾರ. ನೆರಳಾಗ ಬಿಸಿಗಾಳಿಗೆ ಒಣಗಿದ್ರ ಚಲೋ."

ಹೆಂಗಸರ ಮಾತು ಎಂದು ನಾನು ಆ ಕಡೆ ಕಿವಿಗೊಡಲಿಲ್ಲ. ನನ್ನ ಕಿವಿ ಅಂದು ಬೋಲ್ಟುಗಳಿಗೆ ಮೀಸಲಾಗಿತ್ತು.

ಮನೆಗೆ ಬಂದ ಮೇಲೆ ಸೈಫುದ್ದೀನ ಕೇಳಿದ, "ಕಿಟಕಿ ಎಷ್ಟು ಇಡ್ಲಿರಿ ಸರ?"

"ಒಂದೂ ಬ್ಯಾಡ."

"ಗಾಳಿ ಬೆಳಕು ಬ್ಯಾಡೇನ್ರೀ?" ವತ್ಸಲಾ ಒಳಗಿನಿಂದ ಬಂದಳು. "ಒಳಗ ಕೂತು ರಿಪೇರಿ ಮಾಡವ್ರಿದ್ದೀರೋ, ಮಾವಿನಕಾಯಿ ಹಣ್ಣಿಗೆ ಹಾಕವ್ರಿದ್ದೀರೋ?"

"ಇದು ತಾಂತ್ರಿಕ ವಿಚಾರ. ನಿನಗ ತಿಳಿಯಂಗಿಲ್ಲ."

(ತಾಂತ್ರಿಕ ವಿಚಾರ ಇಷ್ಟೇ: ಕಿಟಕಿ ಇದ್ದರೆ ಬಿಸಿಲು ಒಳಗೆ ಬರುತ್ತದೆ. ಬಿಸಿಲು ಬಂದಲ್ಲಿಗೆ ಸಂಡಿಗೆ ಬರುತ್ತದೆ. ಸಂಡಿಗೆ ಬಂದ ಮೇಲೆ ನಾನು ಹೊರಗೆ.)

"ಸರ, ನಮ್ಮೂರ ಬಿಸಲಾಗ ಒಳಗ ಕೂಡ್ರಾಕ ಆಗಂಗಿಲ್ರಿ," ಸೈಫುದ್ದೀನ ಅಂಗಲಾಚಿದ. "ತಗಡಿನ ಕೆಳಗ ಕಾವು ತಡಿಯೂ ಫೋಮ್ ಆದ್ರೂ ಹಾಕಸ್ರಿ."

"ಉಷ್ಣದ ಪಾಠ ಜೀವಮಾನ ಪೂರ್ತಿ ನಾನ ಮಾಡೀನಿ ಸೈಫುದ್ದೀನ."

ಕೊನೆಗೆ ತಳದಲ್ಲಿ ಒಂದು ಜಾಲರಿ, ಮೇಲೆ ಗಾಳಿಗೆ ತಾನೇ ತಿರುಗುವ ಒಂದು ಗುಂಡನೆಯ ಪಂಖಾ, ಇಷ್ಟಕ್ಕೆ ಉದಾರವಾಗಿ ಒಪ್ಪಿದೆ. ಅವುಗಳ ಮೂಲಕ ಸಂಡಿಗೆ ನುಗ್ಗಲಾರದು ಎಂಬುದು ನನ್ನ ಲೆಕ್ಕ.

ಯುಗಾದಿಗೆ ಮೊದಲೇ ಶೆಡ್ಡು ಎದ್ದು ನಿಂತಿತು. ಸ್ಕೂಟರಿನ ಅಂಗಾಂಗಗಳನ್ನು ಮೆರವಣಿಗೆಯಲ್ಲಿ ಒಳಗೆ ಒಯ್ದು ಶಟರ್ ಎಳೆದು, ಕೀಲಿ ಹಾಕಿ, ಕೀಲಿಕೈ ಎರಡನ್ನೂ ಜನಿವಾರಕ್ಕೆ ಕಟ್ಟಿಕೊಂಡೆ. ನನ್ನದು ಎನ್ನುವ ಒಂದು ಜಾಗ ಸಿಕ್ಕಿತ್ತು.

ಮರುದಿನ ಊಟ ಮುಗಿಸಿ ಒಳಗೆ ಹೋದೆ. ಹೋದಷ್ಟೇ ಬೇಗ ಹೊರಗೆ ಬಂದೆ. ಪಾನಾ ಮುಟ್ಟಿದರೆ ಚುರ್ ಎಂದಿತು. ವಹನ, ಸಂವಹನ, ವಿಕಿರಣ, ನಾನು ಕಲಿಸಿದ ಮೂರೂ ಪಾಠಗಳು ಒಟ್ಟಿಗೆ ಬಂದು ಮಾಸ್ತರರ ಪರೀಕ್ಷೆ ತೆಗೆದುಕೊಂಡವು. ಬೆವರಿನಲ್ಲಿ ಮಿಂದು ಕಟ್ಟೆಯ ಮೇಲೆ ಕುಳಿತಾಗ ವತ್ಸಲಾ ಮಜ್ಜಿಗೆ ತಂದುಕೊಟ್ಟು ಶೆಡ್ಡಿನೊಳಗೆ ಹೋದಳು. ತುಸು ಹೊತ್ತು ಕಣ್ಣು ಮುಚ್ಚಿ ನಿಂತಳು.

"ಏನ್ರೀ, ಥೇಟ್ ಟಿಕೋಟಾದ ಗಾಳಿ ಅದ ಇಲ್ಲಿ."

"ಇದ್ರ ಏನಾತು?"

"ಏನಿಲ್ಲ. ಒಂದು ತಾಟು ಇಟ್ಟು ನೋಡ್ತೀನಿ."

ಬರೀ ಒಂದು ತಾಟು. ನಾನೂ ಮಜ್ಜಿಗೆಯ ಋಣಕ್ಕೆ ಒಪ್ಪಿದೆ. ಸಂಜೆ ನೋಡಿದರೆ ಸಂಡಿಗೆ ಮಲ್ಲಿಗೆಯಂತೆ ಬೆಳ್ಳಗೆ ಒಣಗಿತ್ತು. ಧೂಳಿಲ್ಲ, ಕಾಗೆಯಿಲ್ಲ. ವತ್ಸಲಾ ಗೋಡೆಯಾಚೆ ಮುಖವಿಟ್ಟು ಪಕ್ಕದ ಮನೆಯ ಸಬೀರಾಳನ್ನು ಕೂಗಿದಳು. ಸಬೀರಾ ಒಂದು ಸಂಡಿಗೆ ಮುರಿದು ನೋಡಿ, "ವೈನಿ, ನಮ್ಮ ಶಾವಿಗಿನೂ ಇಲ್ಲೇ ಹಾಕೂಣ್ರಿ. ಅಣ್ಣಾರು ಬ್ಯಾಡನ್ನಂಗಿಲ್ಲ," ಎಂದಳು. ಅಣ್ಣಾರನ್ನು ಯಾರೂ ಕೇಳಲಿಲ್ಲ.

ವಾರ ಕಳೆಯುವಷ್ಟರಲ್ಲಿ ನನ್ನ ಕಂಬದಿಂದ ಕಂಬಕ್ಕೆ ಅಂತಸ್ತು ಅಂತಸ್ತಾಗಿ ಬಲೆ ಬಿಗಿದಿತ್ತು. ಸ್ಕೂಟರು ಹಳೇ ಸೀರೆ ಹೊದ್ದು ಬೇವಿನ ಮರದ ಕೆಳಗೆ ಬಂತು. ಕೀಲಿಕೈಗಳು ಜನಿವಾರ ಬಿಟ್ಟು ವತ್ಸಲೆಯ ಸೊಂಟ ಸೇರಿದವು.

ಮೊನ್ನೆ ಸೈಫುದ್ದೀನ ಬಬಲೇಶ್ವರದ ಅರುಣಕುಮಾರ ಎಂಬುವವರನ್ನು ಹೆಂಡತಿಸಮೇತ ಕರೆತಂದ, ಶೆಡ್ಡು ತೋರಿಸಲಿಕ್ಕೆ.

"ಯಾರ ಡಿಜೈನ್ ರೀ ಇದು?" ಆ ಹೆಣ್ಣುಮಗಳು ಬೆರಗಾಗಿ ಕೇಳಿದರು.

"ಇವರದ ರೀ," ಎಂದಳು ವತ್ಸಲಾ, ಅಪ್ಪಟ ಅಭಿಮಾನದಿಂದ. "ಕಿಟಕಿ ಬ್ಯಾಡ, ಫೋಮ್ ಬ್ಯಾಡ ಅಂತ ಹಟಾ ಹಿಡದು ಮಾಡಿಸ್ಯಾರ. ನಾನ ಹುಚ್ಚಿ, ಬೈದಿದ್ದೆ."

ಹೆಂಗಸರು ಒಳಗೆ ಹೋದರು. ಅರುಣಕುಮಾರ ನನ್ನನ್ನು ಮೆಲ್ಲಗೆ ಬೇವಿನ ಮರದ ಕಡೆ ಎಳೆದು ಪಿಸುಗುಟ್ಟಿದರು, "ಸರ, ಬ್ಯಾರೇದವ್ರಿಗೆ ಹೇಳಬ್ಯಾಡ್ರಿ. ನಾ ಒಬ್ಬಾವ ಕೂತು ಬಡಿಗತನ ಮಾಡಾಕ ಒಂದು ಜಾಗಾ ಬೇಕಾಗೇತಿ. ಮನಿಯವ್ರು ಒಳಗ ಕಾಲಿಡಬಾರದು. ಈ ಮಾಡೆಲ್ ನಡೀತೈತೇನ್ರಿ?"

ನಾನು ಬಾಯಿ ತೆರೆಯುವಷ್ಟರಲ್ಲಿ ನನ್ನ ವರ್ಕ್‌ಶಾಪಿನೊಳಗಿಂದ ಕೂಗು ಬಂತು.

"ಏನ್ರೀ, ಮ್ಯಾಲಿನ ಬಲೆ ನನಗ ನಿಲುಕಂಗಿಲ್ಲ. ಬರ್ರಿ. ಚಪ್ಪಲ್ ಹೊರಗ ಬಿಟ್ಟು, ಕೈ ತೊಳಕೊಂಡು ಬರ್ರಿ."

ಚಪ್ಪಲಿ ಬಿಟ್ಟೆ. ನಲ್ಲಿಯಲ್ಲಿ ಕೈ ತೊಳೆದುಕೊಂಡೆ. ಅರುಣಕುಮಾರ ನನ್ನ ಬರಿಗಾಲನ್ನು, ಸೀರೆ ಹೊದ್ದ ಸ್ಕೂಟರನ್ನು ಒಮ್ಮೆ ನೋಡಿ, ಸೈಫುದ್ದೀನನ ಕಡೆ ತಿರುಗಿದರು.

"ನಂದಕ್ಕ ನಾಕೂ ಕಡೆ ಕಿಟಕಿ ಇಡಪಾ," ಎಂದರು.