ಐಸಮ್ಮನ ಕನ್ನಡಕ, ನನ್ನ ಗಂಟಲು

ಕೆಲಸದಿಂದ ನಿವೃತ್ತಿ ಸಿಗುತ್ತದೆ, ಕೆಲಸ ಅಂಟಿಸಿದ ಅಭ್ಯಾಸದಿಂದ ಸಿಗುವುದಿಲ್ಲ. ನಾನು ಮೂಡುಬಿದಿರೆ–ಬೆಳ್ತಂಗಡಿ ದಾರಿಯ ಖಾಸಗಿ ಬಸ್ಸಿನಲ್ಲಿ ಕಂಡಕ್ಟರನಾಗಿದ್ದವನು. ನಾನು ಬಸ್ಸಿನಿಂದ ಇಳಿದು ಕೆಲವು ವರ್ಷಗಳಾದವು, ನನ್ನ ಗಂಟಲು ಮಾತ್ರ ಇನ್ನೂ ಫುಟ್‌ಬೋರ್ಡಿನ ಮೇಲೆಯೇ ನಿಂತಿದೆ. ಮನೆಯಲ್ಲಿ ನಾನು ಒಂದು ಲೋಟ ನೀರು ಕೇಳಿದರೆ ವೇಣೂರು ಪೇಟೆಯಲ್ಲಿ ಯಾರೋ ಇಳಿಯಲು ಏಳುತ್ತಾರೆ ಎನ್ನುವುದು ನನ್ನ ಹೆಂಡತಿ ಸರೋಜಿನಿಯ ದೂರು.

ಈ ಗಂಟಲಿನ ಜೊತೆಗೆ ನನ್ನ ಬಳಿ ಒಂದು ಕನ್ನಡಕವೂ ಇತ್ತು. ಟಿಕೆಟಿನ ಸಣ್ಣ ಅಕ್ಷರ ಕಾಣದಾದಾಗ ಬಸ್ಸಿನ ಮಾಲೀಕರೇ ಮೂಡುಬಿದಿರೆಯಲ್ಲಿ ಮಾಡಿಸಿಕೊಟ್ಟದ್ದು. ನಮ್ಮ ಓಣಿಗೆಲ್ಲ ಓದುವ ಕನ್ನಡಕ ಎಂದರೆ ಅದೊಂದೇ. ಉಳಿದವರ ಕಣ್ಣು ಚುರುಕಾಗಿತ್ತು ಎಂದಲ್ಲ. ನಲವತ್ತು ದಾಟಿದವರೆಲ್ಲ ಕಾಗದವನ್ನು ದೂರ ದೂರ ಹಿಡಿಯುತ್ತಾ ಹೋಗಿ, ಕೈಯ ಉದ್ದ ಮುಗಿದ ಮೇಲೆ ನನ್ನ ಜಗಲಿಗೆ ಬರುತ್ತಿದ್ದರು. ಕನ್ನಡಕ ಬೇಕೆಂದರೆ ಪೇಟೆಗೆ ಒಮ್ಮೆ ಪರೀಕ್ಷೆಗೆ ಹೋಗಬೇಕು, ಇನ್ನೊಮ್ಮೆ ಅದನ್ನು ತರಲು ಹೋಗಬೇಕು. ಬೀಡಿ ಕಟ್ಟುವ ಹೆಂಗಸರಿಗೆ ಅಷ್ಟು ದಿನದ ಬೀಡಿ ಹೋಯಿತೆಂದೇ ಲೆಕ್ಕ. “ಅದೆಲ್ಲ ಆಫೀಸಿಗೆ ಹೋಗುವವರಿಗೆ” ಎಂದು ಬಿಟ್ಟುಬಿಡುತ್ತಿದ್ದರು. ಹಾಗಾಗಿ ಮದುವೆಯ ಕರೆಯೋಲೆ, ಕರೆಂಟು ಬಿಲ್ಲು, ಔಷಧಿಯ ಬಾಟಲಿ ಎಲ್ಲವನ್ನೂ ನಾನೇ ಓದಿ ಹೇಳಬೇಕು. “ಒಂದು ಪುರುಸೊತ್ತಿಲ್ಲ ಮಾರಾಯ್ರೆ” ಎಂದು ಗೊಣಗುತ್ತಿದ್ದೆ. ಒಳಗೊಳಗೆ ಖುಷಿಯೋ ಖುಷಿ, ಜಗಲಿ ತುಂಬ ಜನರಿದ್ದರೆ ನನಗೆ ಬಸ್ಸು ಫುಲ್ಲಾದಷ್ಟೇ ಸಂತೋಷ.

ಹೀಗಿರುವಾಗ ಒಂದು ದಿನ ಆಚೆಮನೆಯ ಐಸಮ್ಮ ಬೀಡಿ ಕಟ್ಟುವ ಮೊರ ಬದಿಗಿಟ್ಟು ಮೊಬೈಲು ಹಿಡಿದುಕೊಂಡು ಬಂದರು. ಅವರ ಮಗ ದುಬೈಯಲ್ಲಿ. ಯಾವಾಗಲೂ ಫೋನಿನಲ್ಲಿ ಮಾತಾಡುವವನು ಆ ದಿನ ಬರೆದು ಕಳಿಸಿದ್ದ. ರೂಮಿನಲ್ಲಿ ನಾಲ್ಕು ಜನ ಇರುವುದರಿಂದ ಬಾಯಿಬಿಟ್ಟು ಹೇಳಲು ನಾಚಿಕೆಯಾಗಿರಬೇಕು ಎಂದು ಬುದ್ಧಿಯಿದ್ದವನಿಗೆ ಹೊಳೆಯುತ್ತಿತ್ತು. ನನಗೆ ಕಂಡದ್ದು ಅಕ್ಷರ ಮಾತ್ರ. “ಉಮ್ಮಾ, ನನಗೆ ಮೂಲವ್ಯಾಧಿ ಶುರುವಾಗಿದೆ” ಎಂದು ಎದುರಿನ ಗುಡ್ಡಕ್ಕೆ ಕೇಳುವಂತೆ ಓದಿದೆ. “ಯಾರಿಗೂ ಹೇಳಬೇಡಿ” ಎನ್ನುವುದನ್ನು ಇನ್ನೂ ಸ್ವಲ್ಪ ಜೋರಾಗಿ ಓದಿದೆ.

ಮರುದಿನ ಬೀಡಿ ಕೊಡಲು ಹೋದ ಐಸಮ್ಮನಿಗೆ ದಾರಿಯುದ್ದಕ್ಕೂ ಮದ್ದು ಸಿಕ್ಕಿತು. ಒಬ್ಬರು ಮೂಲಂಗಿ ಹೇಳಿದರು, ಇನ್ನೊಬ್ಬರು ಮಜ್ಜಿಗೆ. ಅವರು ಸೀದಾ ನಮ್ಮಲ್ಲಿಗೆ ಬಂದು, “ಕಂಡೆಕ್ಟ್ರೆ, ನಾನು ಕೊಟ್ಟದ್ದು ಓದ್ಲಿಕ್ಕೆ, ಸ್ಟಾಪು ಕೂಗ್ಲಿಕ್ಕೆ ಅಲ್ಲ” ಎಂದು ಹೇಳಿ ಹೋದರು. ಆಮೇಲೆ ಮೊಬೈಲು ತರಲಿಲ್ಲ. ಮಗನ ಸಂದೇಶ ಬಂದಾಗಲೆಲ್ಲ ಅಂಗಳದ ಬಿಸಿಲಿಗೆ ಬಂದು, ಕೈ ಚಾಚಿ, ಕಣ್ಣು ಕಿರಿದು ಮಾಡಿ ನೋಡುತ್ತಿದ್ದರು. ಐದನೇ ಕ್ಲಾಸು ಓದಿದವರು, ಅಕ್ಷರ ಗೊತ್ತಿತ್ತು, ಕಾಣುತ್ತಿರಲಿಲ್ಲ. ಮಗನಿಗೆ ಹೇಗಿದೆಯೋ ಎಂದು ತಿಳಿಯದೆ ಅವರು ಒದ್ದಾಡುವುದನ್ನು ಬೇಲಿಯಾಚೆಯಿಂದ ನೋಡಿ ನನಗೆ ನಿಜವಾಗಿ ಸಂಕಟವಾಯಿತು.

ಕೊನೆಗೆ ಆಶಾ ಕಾರ್ಯಕರ್ತೆ ಪ್ರಮೀಳಾಳಿಗೆ ದುಂಬಾಲು ಬಿದ್ದೆ. ಅವಳು ಯಾರು ಯಾರನ್ನೋ ಹಿಡಿದು, ಪಂಚಾಯತಿನ ಹಾಲ್‌ನಲ್ಲಿ ಕಣ್ಣು ನೋಡಿ ಅಲ್ಲೇ ಕನ್ನಡಕ ಕೊಡುವ ಏರ್ಪಾಡು ಮಾಡಿಸಿದಳು. ಬಾಗಿಲಲ್ಲಿ ನಿಂತು “ಮುಂದೆ ಹೋಗಿ, ಒಳಗೆ ಜಾಗ ಉಂಟು” ಎಂದು ಕೂಗುವ ಕೆಲಸ ನನ್ನದು. ಐಸಮ್ಮ ಕನ್ನಡಕ ಏರಿಸಿದವರೇ ಮೊಬೈಲು ತೆಗೆದು ಗೋಡೆಗೆ ಮುಖ ಮಾಡಿದರು. ತುಟಿ ಅಲ್ಲಾಡುತ್ತಿತ್ತು, ಸ್ವರವಿಲ್ಲ. ಆಮೇಲೆ ಕನ್ನಡಕ ತೆಗೆದು ಕಣ್ಣೊರೆಸಿಕೊಂಡು ನಕ್ಕರು.

“ಎಂತ ಬರೆದಿದ್ದಾನೆ?” ಎಂದೆ.

“ಅದು ನನಗೂ ಅವನಿಗೂ” ಎಂದರು.

ಅಂದಿನಿಂದ ನನ್ನ ಜಗಲಿ ಖಾಲಿ. ಓಣಿಯವರೆಲ್ಲ ತಮ್ಮ ಕಾಗದ ತಾವೇ ಓದಿಕೊಳ್ಳುತ್ತಾರೆ. ಯಾರ ಮನೆಯ ಸುದ್ದಿಯೂ ನನಗೆ ಗೊತ್ತಾಗುವುದಿಲ್ಲ. “ನೀವೇ ತರಿಸಿದ್ದಲ್ವಾ, ಅನುಭವಿಸಿ” ಎಂದಳು ಸರೋಜಿನಿ. ಒಂದು ವಾರ ತಡೆದುಕೊಂಡೆ. ಆಮೇಲೆ ಕೈಗೆ ಸಿಕ್ಕಿದ ಚೂರ್ಣದ ಡಬ್ಬಿ ಹಿಡಿದು ಐಸಮ್ಮನ ಮನೆಗೆ ಹೋದೆ. ಮಗನ ವಿಷಯ ಕೇಳದಿದ್ದರೆ ನನಗೆ ಊಟ ಸೇರುತ್ತಿರಲಿಲ್ಲ.

“ಕನ್ನಡಕ ಎಲ್ಲಿಟ್ಟೆನೋ ಸಿಗುವುದಿಲ್ಲ ಐಸಮ್ಮ. ಇದರಲ್ಲಿ ಎಂತ ಬರೆದಿದೆ, ಸ್ವಲ್ಪ ನೋಡಿ ಹೇಳಿ.”

ಐಸಮ್ಮ ಬೀಡಿಯ ಕತ್ತರಿ ಕೆಳಗಿಟ್ಟು, ಕನ್ನಡಕ ಸರಿ ಮಾಡಿಕೊಂಡು, ಅಂಗಳಕ್ಕೇ ಬಂದು ನಿಂತರು. ಆ ಸಣ್ಣ ಮೈಯಲ್ಲಿ ಅಷ್ಟು ದೊಡ್ಡ ಸ್ವರ ಉಂಟೆಂದು ನಾನು ಎಣಿಸಿರಲಿಲ್ಲ. “ಮಲಬದ್ಧತೆಗೆ! ರಾತ್ರಿ ಬಿಸಿನೀರಿನಲ್ಲಿ ಎರಡು ಚಮಚ!” ಎಂದು ಓದಿ, ಡಬ್ಬಿ ನನ್ನ ಕೈಗಿಟ್ಟರು. ಆಮೇಲೆ ಮೆಲ್ಲಗೆ, “ಮಗ ಹುಷಾರಾಗಿದ್ದಾನೆ ಕಂಡೆಕ್ಟ್ರೆ. ನಿಮ್ಮ ಕಿಸೆಯಲ್ಲಿರುವ ಕನ್ನಡಕ ಬೀಳ್ತದೆ, ಜಾಗ್ರತೆ” ಎಂದರು.

ಮರುದಿನ ಬೆಳಿಗ್ಗೆ ನಾನು ಬಸ್‌ಸ್ಟ್ಯಾಂಡಿನಲ್ಲಿ ನಿಂತಿದ್ದಾಗ ಹೊರಟ ಬಸ್ಸಿನ ಫುಟ್‌ಬೋರ್ಡಿನಿಂದ ಈಗಿನ ಕಂಡಕ್ಟರ್ ಹೊರಕ್ಕೆ ಬಾಗಿ, “ಅಣ್ಣಾ, ಚೂರ್ಣ ಬೇಡ, ಪಪ್ಪಾಯಿ ತಿನ್ನಿ!” ಎಂದು ಕೂಗಿದ. ಇಡೀ ಬಸ್ಸು ತಿರುಗಿ ನನ್ನನ್ನು ನೋಡಿತು. ಹುಡುಗನ ಗಂಟಲು ಒಳ್ಳೆಯದುಂಟು. ಅವನಿಗೆ ಕೆಲಸ ಕಲಿಸಿದವನು ನಾನೇ.